ದಂಡಪ್ರಕರಣದಲ್ಲಿ ನೊಂದವನ ಸ್ಥಾನ

ಜಯನಗರದ ಯಾವುದೋ ಒಂದು ಅಡ್ಡರಸ್ತೆಯಲ್ಲಿ, ಎಲ್ಲೆಗೋಡೆಯ ವಿಷಯವಾಗಿ ನೆರೆಹೊರೆಯವರಿಬ್ಬರಿಗೆ ಜಗಳ ಹತ್ತಿ, ಒಬ್ಬನು ಇನ್ನೊಬ್ಬನ ಕೈ ಮುರಿದನೆಂದು ಇಟ್ಟುಕೊಳ್ಳಬಹುದು. ಪೆಟ್ಟು ತಿಂದವನು ಆಸ್ಪತ್ರೆಗೆ ಹಣ ತೆತ್ತು, ಮೂರು ತಿಂಗಳು ದುಡಿಮೆಯಿಲ್ಲದೆ ಕುಳಿತು, ಪೋಲೀಸು ಠಾಣೆಗೆ ಹೋಗಿ ದೂರು ಕೊಡುತ್ತಾನೆ. ತನಿಖೆ ನಡೆದು, ಆರೋಪಪಟ್ಟಿ ಸಲ್ಲಿಕೆಯಾಗಿ, ಪ್ರಕರಣವು ದಂಡಾಧಿಕಾರಿಯ ಮುಂದೆ ಬರುತ್ತದೆ. ಆಗ ಕೂಗುವ ಹೆಸರು ಅವನದಲ್ಲ. ಕರ್ನಾಟಕ ರಾಜ್ಯವು ಒಂದು ಕಡೆ, ಆಪಾದಿತನು ಇನ್ನೊಂದು ಕಡೆ. ಕೈ ಮುರಿಸಿಕೊಂಡವನು ಸಾಕ್ಷಿಗಳ ಪಟ್ಟಿಯಲ್ಲಿ ಒಂದನೆಯ ಸಾಕ್ಷಿ, ಅಷ್ಟೆ. ತನಗಾದ ನಷ್ಟವೆಷ್ಟು, ಅದನ್ನು ಯಾರು ತುಂಬಿಕೊಡಬೇಕು ಎಂಬ ಮಾತನ್ನು ಅಲ್ಲಿ ಹಕ್ಕಿನಿಂದ ಎತ್ತಲು ಅವನಿಗೆ ಅವಕಾಶವಿಲ್ಲ. ಅದಕ್ಕೆ ಬೇರೆ ನ್ಯಾಯಾಲಯ, ಬೇರೆ ದಾವೆ, ಬೇರೆ ಶುಲ್ಕ, ಬೇರೆ ವಕೀಲರು.

ಒಂದೇ ಕೃತ್ಯದಿಂದ ಎರಡು ಬಾಧ್ಯತೆಗಳು ಹುಟ್ಟುತ್ತವೆ: ತಪ್ಪಿಗೆ ಶಿಕ್ಷೆ, ನಷ್ಟಕ್ಕೆ ಭರ್ತಿ. ಇವೆರಡನ್ನೂ ಒಬ್ಬನೇ ನ್ಯಾಯಾಧೀಶನು ಒಂದೇ ವಿಚಾರಣೆಯಲ್ಲಿ ತೀರ್ಮಾನಿಸಬೇಕೆ, ಅಥವಾ ನಷ್ಟ ಕೇಳತಕ್ಕವನನ್ನು ದಂಡನ್ಯಾಯಾಲಯದ ಹೊಸ್ತಿಲ ಹೊರಗೆ ನಿಲ್ಲಿಸಬೇಕೆ ಎಂಬುದು ಬೇರೆಬೇರೆ ನಾಡುಗಳ ಶಾಸ್ತ್ರಕಾರರನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ. ಭಾರತದ ಇಂದಿನ ವಿಧಾನವು ಅವನನ್ನು ಹೊರಗೆ ನಿಲ್ಲಿಸಿದೆ. ಆದರೆ ಈ ನೆಲದ ಹಳೆಯ ವಿಧಾನವು ಹಾಗಿರಲಿಲ್ಲ. ಆ ಹಳೆಯ ವಿಧಾನದ ಅತ್ಯಂತ ಪ್ರೌಢವಾದ ವಿವರಣೆಯು ಕನ್ನಡನಾಡಿನಲ್ಲಿಯೇ ಹುಟ್ಟಿತೆಂಬುದು ಸಾಹಿತ್ಯಾಭ್ಯಾಸಿಗಳಿಗೂ ಗಮನಾರ್ಹವಾದ ಸಂಗತಿ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವನ್ನು ಸಾಮಾನ್ಯವಾಗಿ ಆಸ್ತಿಯ ವಿಭಾಗದ ಗ್ರಂಥವೆಂದು ಎಲ್ಲರೂ ಬಲ್ಲರು. ಇದಕ್ಕೆ ಕಾರಣವುಂಟು. ಕೋಲ್‌ಬ್ರೂಕನು ೧೮೧೦ರಲ್ಲಿ ಇಂಗ್ಲಿಷಿಗೆ ತಂದದ್ದು ಅದರ ದಾಯಭಾಗದ ಪ್ರಕರಣವನ್ನು. ಕಂಪನಿಯ ನ್ಯಾಯಾಲಯಗಳಿಗೆ ಬೇಕಾಗಿದ್ದುದು ಅದೇ. ಬಡಿದಾಟ, ಕಳವು, ಸಾಹಸ ಮೊದಲಾದ ಪ್ರಕರಣಗಳು ಅದೇ ವ್ಯವಹಾರಾಧ್ಯಾಯದಲ್ಲಿ ದಾಯವಿಭಾಗದ ಪಕ್ಕದಲ್ಲಿಯೇ ಇದ್ದರೂ, ಆಳುವವರ ದೃಷ್ಟಿ ಅತ್ತ ಹೋಗಲಿಲ್ಲ. ಹೀಗೆ ಒಂದು ಗ್ರಂಥದ ಅರ್ಧಭಾಗವು ನ್ಯಾಯಾಲಯಗಳಲ್ಲಿ ಒಂದೂವರೆ ಶತಮಾನ ಬಾಳಿತು. ಉಳಿದ ಅರ್ಧವು ಪಂಡಿತರ ಕಪಾಟಿನಲ್ಲಿ ಉಳಿಯಿತು.

ಆ ಉಳಿದ ಅರ್ಧದಲ್ಲಿ ನಮ್ಮ ಪ್ರಶ್ನೆಗೆ ಉತ್ತರವಿದೆ. ದಂಡಪಾರುಷ್ಯ, ಎಂದರೆ ಹೊಡೆದಾಟದ ಪ್ರಕರಣದಲ್ಲಿ, ಇನ್ನೊಬ್ಬನಿಗೆ ನೋವುಂಟುಮಾಡಿದವನು ಆ ಅಪರಾಧಕ್ಕೆ ಹೇಳಿದ ದಂಡವನ್ನು ಅರಸನಿಗೆ ತೆರುವುದಲ್ಲದೆ, ‘ಸಮುತ್ಥಾನವ್ಯಯ’ವನ್ನೂ ಕೊಡತಕ್ಕದ್ದೆಂದು ಯಾಜ್ಞವಲ್ಕ್ಯನು ವಿಧಿಸುತ್ತಾನೆ. ಸಮುತ್ಥಾನವೆಂದರೆ ಬಿದ್ದವನು ಮತ್ತೆ ಏಳುವುದು. ಗಾಯ ಮಾಯುವುದೆಂದು ವ್ಯಾಖ್ಯಾನದ ಅಭಿಪ್ರಾಯ. ಮದ್ದಿಗೆ, ಪಥ್ಯಕ್ಕೆ, ಅವನು ಗುಣಹೊಂದುವವರೆಗೆ ತಗಲುವ ವೆಚ್ಚವೆಲ್ಲ ಇದರೊಳಗೆ ಸೇರುತ್ತದೆ. ಮನುವಿನಲ್ಲಿಯೂ ಇದೇ ಶಬ್ದ, ಇದೇ ವಿಧಿ. ಇನ್ನೊಬ್ಬರ ವಸ್ತುವನ್ನು ಕೆಡಿಸಿದವನು ಒಡೆಯನನ್ನು ತೃಪ್ತಿಪಡಿಸಿ, ಅಷ್ಟೇ ಮೊತ್ತವನ್ನು ಅರಸನಿಗೂ ಸಲ್ಲಿಸಬೇಕೆಂದು ಅಲ್ಲಿ ಹೇಳಿದೆ. ಕಳವಿನ ವಿಷಯದಲ್ಲಿ ಯಾಜ್ಞವಲ್ಕ್ಯನ ಮಾತಿನ ಕ್ರಮವೇ ಬೋಧಪ್ರದವಾಗಿದೆ: ಕಳ್ಳನಿಂದ ಕದ್ದದ್ದನ್ನು ಮೊದಲು ಕೊಡಿಸಿ, ಬಳಿಕ ಅವನನ್ನು ಶಿಕ್ಷಿಸತಕ್ಕದ್ದು. ಕೊಡಿಸುವುದು ಮೊದಲು, ಶಿಕ್ಷೆ ಅನಂತರ.

ಕಳ್ಳನೇ ಸಿಕ್ಕದಿದ್ದರೆ? ಕಳುವಾದ ದ್ರವ್ಯವನ್ನು ಅರಸನೇ ಪ್ರಜೆಗೆ ಕೊಡಬೇಕು. ಕೊಡದಿದ್ದರೆ ಆ ಕಳ್ಳನ ಪಾಪವು ಅರಸನಿಗೆ ತಟ್ಟುವುದು. ಕಂದಾಯವನ್ನೆತ್ತುವವನು ಕಾಯುವ ಹೊಣೆಯನ್ನೂ ಹೊತ್ತಿರುವನೆಂಬುದು ಇದರ ತಾತ್ಪರ್ಯ. ಗೌತಮನೂ ಇದನ್ನೇ ಹೇಳಿದ್ದಾನೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಧರ್ಮಶಾಸ್ತ್ರದ ಈ ವಿಧಿಗಳನ್ನು ಓದಿ ಹಿಗ್ಗುವವರು ಅದೇ ಪ್ರಕರಣಗಳಲ್ಲಿ ದಂಡದ ಮೊತ್ತವು ಹೊಡೆದವನ ಮತ್ತು ಹೊಡೆಸಿಕೊಂಡವನ ವರ್ಣಕ್ಕೆ ತಕ್ಕಂತೆ ಏರಿಳಿಯುವುದನ್ನು ಮರೆಯಬಾರದು. ನೊಂದವನಿಗೆ ಸ್ಥಾನವಿತ್ತು, ಎಲ್ಲ ನೊಂದವರಿಗೂ ಒಂದೇ ಸ್ಥಾನವಿರಲಿಲ್ಲ. ಅಲ್ಲದೆ ಶಾಸ್ತ್ರದಲ್ಲಿ ಬರೆದುದೆಲ್ಲ ಊರಿನ ಚಾವಡಿಯಲ್ಲಿ ನಡೆಯಿತೆಂದು ನಂಬಲು ಆಧಾರ ಬೇಕು. ಶಾಸನಗಳು ಬೇರೊಂದು ಚಿತ್ರವನ್ನೂ ತೋರಿಸುತ್ತವೆ. ದತ್ತಿಯ ಊರುಗಳನ್ನು ಕೊಡುವಾಗ ನಿಧಿ ನಿಕ್ಷೇಪಗಳ ಜೊತೆಗೆ ‘ದಂಡದೋಷ’ಗಳನ್ನೂ, ಹತ್ತು ಅಪರಾಧಗಳಿಂದ ಬರುವ ದಂಡದ ಆದಾಯವನ್ನೂ ದಾನ ಪಡೆದವರಿಗೆ ಬಿಟ್ಟುಕೊಟ್ಟಿರುವುದು ತಾಮ್ರಪಟಗಳಲ್ಲಿಯೂ ಶಿಲಾಶಾಸನಗಳಲ್ಲಿಯೂ ಮತ್ತೆ ಮತ್ತೆ ಬರುತ್ತದೆ. ದಂಡವು ಊರಿನ ಹುಟ್ಟುವಳಿಗಳಲ್ಲಿ ಒಂದಾಯಿತು. ದಂಡವು ಹುಟ್ಟುವಳಿಯಾದ ಕಡೆ, ಅದನ್ನು ವಸೂಲುಮಾಡತಕ್ಕವನಿಗೆ ಪೆಟ್ಟು ತಿಂದವನ ಮದ್ದಿನ ವೆಚ್ಚಕ್ಕಿಂತ ತನ್ನ ಪಾಲಿನ ಮೇಲೆಯೇ ಹೆಚ್ಚು ಲಕ್ಷ್ಯವಿರುವುದು ಸಹಜ.

ಪ್ರಸಂಗವಶಾತ್ ಇನ್ನೊಂದು ಮಾತು. ಕಾದಿ ಮಡಿದವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ‘ನೆತ್ತರುಗೊಡಗೆ’ಯನ್ನು ಇಂದಿನ ಪರಿಹಾರಧನದ ಪೂರ್ವರೂಪವೆಂದು ಹೇಳುವ ಆಸೆ ಯಾರಿಗಾದರೂ ಆದೀತು. ಬಿ.ಟಿ.ಎಂ. ಬಡಾವಣೆಯಿಂದ ತೆಂಕಣಕ್ಕೆ ಅಷ್ಟೇನೂ ದೂರವಿಲ್ಲದ ಬೇಗೂರಿನ ಪ್ರಸಿದ್ಧ ಶಿಲಾಶಾಸನದಲ್ಲಿ, ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಮಡಿದ ಬಳಿಕ ಗಂಗ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ಸಂಗತಿಯಿದೆ. ಆದರೆ ಇದು ಸೇವೆಗೆ ಸಂದ ಮರ್ಯಾದೆ. ತಪ್ಪಿಗೆ ತೆತ್ತ ನಷ್ಟವಲ್ಲ. ಕೊಟ್ಟವನು ಕೊಂದವನಲ್ಲ, ಆಳಿದವನು. ಎರಡನ್ನೂ ಬೆರೆಸಿದರೆ ಶಾಸನಕ್ಕೂ ನ್ಯಾಯಶಾಸ್ತ್ರಕ್ಕೂ ಅಪಚಾರವಾಗುತ್ತದೆ.

ಇಂಗ್ಲೆಂಡಿನಲ್ಲಿಯೂ ಪೂರ್ವದಲ್ಲಿ ಇದೇ ಜೋಡಿಯಿತ್ತು. ಆಂಗ್ಲೋ-ಸ್ಯಾಕ್ಸನ್ ಕಟ್ಟಳೆಗಳಲ್ಲಿ ನೊಂದವನಿಗೆ ಸಲ್ಲುವುದು ‘ಬೋಟ್’, ಅರಸನಿಗೆ ಸಲ್ಲುವುದು ‘ವೀಟೆ’. ನಾರ್ಮನರ ಕಾಲದಿಂದೀಚೆಗೆ ದೊಡ್ಡ ಅಪರಾಧಗಳೆಲ್ಲ ಅರಸನ ಶಾಂತಿಗೆ ಭಂಗವೆನಿಸಿಕೊಂಡು, ಆ ವಿಚಾರಣೆಯೂ ಅದರ ಆದಾಯವೂ ಕಿರೀಟಕ್ಕೆ ಸೇರಿದುವು. ನೊಂದವನಿಗೆ ಉಳಿದದ್ದು ಪ್ರತ್ಯೇಕವಾದ ದಾವೆ ಹೂಡುವ ಹಕ್ಕು. ೧೮೬೦ರ ಭಾರತ ದಂಡಸಂಹಿತೆಯೂ ೧೮೬೧ರ ದಂಡಪ್ರಕ್ರಿಯಾ ಸಂಹಿತೆಯೂ ಈ ವಿಭಜನೆಯನ್ನು ಇಲ್ಲಿಗೆ ತಂದುವು. ಆದರೂ ಹಳೆಯ ಜೋಡಿಯ ಒಂದು ಎಳೆ ಉಳಿಯಿತು: ವಸೂಲಾದ ಜುಲ್ಮಾನೆಯೊಳಗಿಂದ ನೊಂದವನಿಗೆ ಏನಾದರೂ ಕೊಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತ್ತು. ೧೮೯೮ರ ಸಂಹಿತೆಯಲ್ಲಿ ಇದು ೫೪೫ನೆಯ ಕಲಮು. ಕೊಡಿಸುವ ಅಧಿಕಾರವೇ ಹೊರತು ಕೇಳುವ ಹಕ್ಕಲ್ಲವೆಂಬುದನ್ನು ಇಲ್ಲಿ ನೆನಪಿನಲ್ಲಿಡತಕ್ಕದ್ದು.

ಯೂರೋಪಿನ ಭೂಖಂಡವು ಬೇರೆ ದಾರಿ ಹಿಡಿಯಿತು. ಫ್ರಾನ್ಸಿನ ೧೮೦೮ರ ದಂಡಪ್ರಕ್ರಿಯಾ ಸಂಹಿತೆಯು ನಷ್ಟಭರ್ತಿಯ ವ್ಯಾಜ್ಯವನ್ನು ಶಿಕ್ಷೆಯ ವ್ಯಾಜ್ಯದೊಡನೆ, ಅದೇ ನ್ಯಾಯಾಧೀಶರ ಮುಂದೆ, ಏಕಕಾಲದಲ್ಲಿ ನಡೆಸಬಹುದೆಂದು ವಿಧಿಸಿತು. ಹಾಗೆ ಸೇರಿಕೊಂಡವನಿಗೆ ‘ಪಾರ್ತಿ ಸಿವಿಲ್’, ಎಂದರೆ ಸಿವಿಲ್ ಪಕ್ಷಗಾರನೆಂದು ಹೆಸರು. ಅವನು ಬರಿಯ ಸಾಕ್ಷಿಯಲ್ಲ. ಅವನಿಗೆ ವಕೀಲನುಂಟು, ಕಡತವನ್ನು ನೋಡುವ ಅಧಿಕಾರವುಂಟು, ವಾದಿಸುವ ಸರದಿಯುಂಟು. ೧೯೦೬ನೆಯ ಇಸವಿ ಡಿಸೆಂಬರ್ ೮ರಂದು ಪ್ಯಾರಿಸಿನ ಕಸಾಸಿಯೋಂ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಸರ್ಕಾರದ ಅಭಿಯೋಜಕನು ಸುಮ್ಮನೆ ಕುಳಿತಿದ್ದರೂ ನೊಂದವನು ಸಿವಿಲ್ ಪಕ್ಷಗಾರನಾಗಿ ನಿಂತು ವಿಚಾರಣೆಯನ್ನು ಆರಂಭಗೊಳಿಸಬಹುದೆಂದು ತೀರ್ಪಿತ್ತಿತು. ದುರುದ್ದೇಶದಿಂದ ಹೀಗೆ ಬರುವವನಿಗೆ ದಂಡ ವಿಧಿಸುವ ಏರ್ಪಾಡೂ ಅಲ್ಲಿದೆ. ಈ ಪದ್ಧತಿಯು ಭಾರತದ ನೆಲಕ್ಕೆ ತೀರ ಹೊರಗಿನದೆಂದು ಹೇಳುವಂತಿಲ್ಲ. ಪುದುಚೇರಿ, ಕಾರೈಕಾಲ್, ಮಾಹೆ, ಯಾನಂಗಳಲ್ಲಿ ೧೯೫೪ರ ವರೆಗೆ ಫ್ರೆಂಚರ ಆಡಳಿತವಿದ್ದು, ಅವರ ನ್ಯಾಯಪದ್ಧತಿಯು ನಡೆಯುತ್ತಿತ್ತು. ಒಂದೇ ಮಲಬಾರು ಕರಾವಳಿಯಲ್ಲಿ, ಮಾಹೆಯ ಗಡಿಗಲ್ಲನ್ನು ದಾಟಿದೊಡನೆ, ನೊಂದವನ ಸ್ಥಾನವು ಬದಲಾಗುತ್ತಿತ್ತೆಂಬುದು ಯೋಚಿಸಬೇಕಾದ ವಿಷಯ.

ಹೊರಗೆ ನಿಲ್ಲಿಸುವುದಕ್ಕೆ ಕಾರಣಗಳಿಲ್ಲವೆ? ಇವೆ, ಅವು ಹಗುರವಾದುವಲ್ಲ. ಮೊದಲನೆಯದು, ಹಣ ಕೇಳುವ ಪಕ್ಷಗಾರನೂ ಅಪರಾಧವನ್ನು ಕಣ್ಣಾರೆ ಕಂಡ ಸಾಕ್ಷಿಯೂ ಒಬ್ಬನೇ ಆದಲ್ಲಿ, ಅವನ ಮಾತಿನ ತೂಕ ತಗ್ಗುವುದು. ಶಿಕ್ಷೆಯಾದರೆ ತನಗೆ ಐದು ಲಕ್ಷ ರೂಪಾಯಿ ಬರುವುದೆಂದು ತಿಳಿದವನ ಸಾಕ್ಷ್ಯವನ್ನು ಎದುರು ವಕೀಲನು ಎಷ್ಟರಮಟ್ಟಿಗೆ ಹಿಂಜಿಹಾಕಬಲ್ಲನೆಂಬುದನ್ನು ಹೇಳಬೇಕಾದುದಿಲ್ಲ. ಎರಡನೆಯದು, ಆಪಾದಿತನ ಪಾಡು. ರಾಜ್ಯದ ಸಮಸ್ತ ಬಲವೂ ಒಂದು ಕಡೆ ಇರುವಾಗ, ಅದರ ಪಕ್ಕದಲ್ಲಿ ಸೇಡಿನಿಂದಲೋ ಧನಾಶೆಯಿಂದಲೋ ಕುದಿಯುವ ಇನ್ನೊಬ್ಬ ಅಭಿಯೋಜಕನನ್ನು ನಿಲ್ಲಿಸುವುದು ಸಮಬಲದ ಕಾಳಗವಾಗಲಾರದು. ಸರ್ಕಾರಿ ಅಭಿಯೋಜಕನು ಗೆಲ್ಲಲೇಬೇಕೆಂದು ನಿಂತವನಲ್ಲ, ನ್ಯಾಯಾಲಯಕ್ಕೆ ಸತ್ಯವನ್ನು ತೋರಿಸಲು ನಿಂತವನು. ಖಾಸಗಿ ವಕೀಲನಿಂದ ಈ ನಿರ್ಲಿಪ್ತತೆಯನ್ನು ನಿರೀಕ್ಷಿಸಲಾಗದೆಂದು ೧೯೯೯ರಲ್ಲಿ ಶಿವಕುಮಾರ್–ಹುಕಂಚಂದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ವಿವರಿಸಿದೆ. ಮೂರನೆಯದು, ರುಜುವಾತಿನ ಅಳತೆ. ಶಿಕ್ಷೆಗೆ ಸಂಶಯಾತೀತವಾದ ರುಜುವಾತು ಬೇಕು. ನಷ್ಟಕ್ಕೆ ಸಂಭವದ ಹೆಚ್ಚಳವೇ ಸಾಕು. ಒಂದೇ ಕುಳಿತದಲ್ಲಿ ಎರಡು ತಕ್ಕಡಿಗಳನ್ನು ಹಿಡಿದ ನ್ಯಾಯಾಧೀಶನ ಮನಸ್ಸಿನಲ್ಲಿ ಅವು ಒಂದಕ್ಕೊಂದು ತಗಲದೆ ಇರಬಲ್ಲವೆ? ಇನ್ನು ವಿಳಂಬದ ಮಾತಂತೂ ಇದ್ದೇ ಇದೆ. ದುಡಿಮೆಯ ನಷ್ಟವೆಷ್ಟು, ಅಂಗಹೀನತೆಯ ಬೆಲೆಯೆಷ್ಟು ಎಂಬ ಲೆಕ್ಕಾಚಾರಕ್ಕೆ ಇಳಿದರೆ, ಸೆರೆಮನೆಯಲ್ಲಿ ಕಾದಿರುವ ಆಪಾದಿತನು ಇನ್ನಷ್ಟು ಕಾಯಬೇಕಾಗುತ್ತದೆ.

ಈ ಕಾರಣಗಳಲ್ಲಿ ಎರಡನೆಯದೊಂದೇ ನಿಜವಾಗಿ ಗಟ್ಟಿಯಾದುದೆಂದು ತೋರುತ್ತದೆ. ಸಾಕ್ಷಿಗೆ ಲಾಭಾಪೇಕ್ಷೆಯಿರುವುದು ಪ್ರತ್ಯೇಕ ದಾವೆಯಿಂದ ಹೋಗುವುದಿಲ್ಲ, ಮರೆಯಾಗುತ್ತದೆ, ಅಷ್ಟೆ. ರುಜುವಾತಿನ ತೊಡಕಿಗೂ ವಿಳಂಬಕ್ಕೂ ಫ್ರೆಂಚರು ಉಪಾಯ ಕಂಡಿದ್ದಾರೆ: ಮೊದಲು ಅಪರಾಧದ ತೀರ್ಪು, ಅದರ ಬೆನ್ನಿಗೆ ನಷ್ಟದ ವಿಚಾರಣೆ.

ಹೊರಗೆ ನಿಂತವನ ಗತಿಯೇನೆಂಬುದನ್ನೂ ನೋಡಬೇಕು. ಅವನು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದೆಂದು ಪುಸ್ತಕವು ಹೇಳುತ್ತದೆ. ಅಲ್ಲಿ ಹಣ ಕೇಳಬೇಕಾದರೆ ಕೇಳುವ ಮೊತ್ತಕ್ಕೆ ತಕ್ಕಂತೆ ಮೊದಲು ಹಣ ಕಟ್ಟಬೇಕು. ೧೯೫೮ರ ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವಾ ಮೌಲ್ಯನಿರ್ಣಯ ಅಧಿನಿಯಮವು ಇದನ್ನು ಗೊತ್ತುಪಡಿಸಿದೆ. ಅಲ್ಲಿ ಸಾಕ್ಷ್ಯವನ್ನು ಮೊದಲಿನಿಂದ ಹೇಳಬೇಕು. ದಂಡನ್ಯಾಯಾಲಯದ ತೀರ್ಪು ಸಿವಿಲ್ ನ್ಯಾಯಾಧೀಶನನ್ನು ಕಟ್ಟಿಹಾಕುವುದಿಲ್ಲ. ಒಮ್ಮೆ ಕಟಕಟೆಯಲ್ಲಿ ನಿಂತು ತನಗಾದುದನ್ನು ಹೇಳಿ ಪಾಟೀಸವಾಲಿಗೆ ಮೈಯೊಡ್ಡಿದವಳು, ವರುಷಗಳ ಮೇಲೆ ಮತ್ತೊಮ್ಮೆ ಅದನ್ನೆಲ್ಲ ಹೇಳತಕ್ಕದ್ದು. ಎಲ್ಲಕ್ಕಿಂತ ಕ್ರೂರವಾದುದು ಕಾಲಮಿತಿ. ಒಬ್ಬನ ಕೃತ್ಯದಿಂದ ಇನ್ನೊಬ್ಬನು ಸತ್ತರೆ ಅವನ ಹೆಂಡತಿ, ಮಕ್ಕಳು, ತಂದೆತಾಯಿಗಳು ೧೮೫೫ರ ಮಾರಕ ಅಪಘಾತಗಳ ಅಧಿನಿಯಮದ ಮೇರೆಗೆ ನಷ್ಟವನ್ನು ಕೇಳಬಹುದು. ಆದರೆ ಸತ್ತ ದಿನದಿಂದ ಎರಡು ವರುಷಗಳೊಳಗೆ ಕೇಳಬೇಕೆಂದು ೧೯೬೩ರ ಕಾಲಮಿತಿ ಅಧಿನಿಯಮವು ಹೇಳುತ್ತದೆ. ಕೊಲೆಯ ವಿಚಾರಣೆಯು ಎರಡು ವರುಷಗಳಲ್ಲಿ ಮುಗಿಯುವುದು ಅಪೂರ್ವ. ತೀರ್ಪು ಬಂದ ಮೇಲೆ ನೋಡೋಣವೆಂದು ನಂಬಿ ಕುಳಿತ ವಿಧವೆಗೆ, ತೀರ್ಪು ಬರುವಷ್ಟರಲ್ಲಿ ಇನ್ನೊಂದು ನ್ಯಾಯಾಲಯದ ಬಾಗಿಲು ಮುಚ್ಚಿಹೋಗಿರುತ್ತದೆ. ಎರಡು ಬಾಗಿಲುಗಳಿವೆಯೆಂದು ಹೇಳಿ ಒಂದರಿಂದ ಕಳಿಸಿ, ಇನ್ನೊಂದನ್ನು ಸದ್ದಿಲ್ಲದೆ ಮುಚ್ಚಿದಂತಾಗುವುದು.

ಜನರ ಅವಶ್ಯಕತೆಯು ಶಾಸ್ತ್ರದ ಗೋಡೆಯನ್ನು ಅಲ್ಲಲ್ಲಿ ಕೊರೆದಿದೆ. ಬನಶಂಕರಿಯ ಬಳಿ ಕನಕಪುರದ ರಸ್ತೆಯಲ್ಲಿ ಲಾರಿಯೊಂದು ಪಾದಚಾರಿಗೆ ಬಡಿದರೆ, ಚಾಲಕನ ಅಜಾಗರೂಕತೆಯ ವಿಚಾರಣೆ ದಂಡಾಧಿಕಾರಿಯ ಮುಂದೆ. ಪರಿಹಾರವೋ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ. ಬೆಂಗಳೂರಿನಲ್ಲಿ ಲಘುವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರೇ ಆ ಮಂಡಳಿಯ ಕೆಲಸವನ್ನು ನಡೆಸುತ್ತಾರೆ. ಇಲ್ಲಿಯೂ ಎರಡು ಕಡೆಯೇ ಸರಿ. ಆದರೂ ಪೋಲೀಸರ ಅಪಘಾತದ ವರದಿಯನ್ನೇ ಪರಿಹಾರದ ಅರ್ಜಿಯೆಂದು ಭಾವಿಸಲು ೧೯೮೮ರ ಮೋಟಾರು ವಾಹನಗಳ ಅಧಿನಿಯಮದಲ್ಲಿ ಅವಕಾಶ ಮಾಡಿದ್ದಾರೆ. ಚೆಕ್ಕು ಅಮಾನ್ಯವಾದ ಪ್ರಕರಣಗಳಲ್ಲಿ ಗೋಡೆ ಇನ್ನೂ ತೆಳುವು. ಹಣ ಬರಬೇಕಾದವನೇ ಅಲ್ಲಿ ಫಿರ್ಯಾದಿ. ಜುಲ್ಮಾನೆಯು ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ಏರಬಹುದು. ೨೦೧೮ರ ತಿದ್ದುಪಡಿಯ ಬಳಿಕ ವಿಚಾರಣೆ ಮುಗಿಯುವ ಮೊದಲೇ ಆ ಮೊತ್ತದ ನೂರಕ್ಕೆ ಇಪ್ಪತ್ತರವರೆಗೆ ಮಧ್ಯಂತರ ಪರಿಹಾರವನ್ನೂ ಕೊಡಿಸಬಹುದು. ಹೆಸರು ದಂಡಪ್ರಕರಣ, ಕೆಲಸ ಸಾಲ ವಸೂಲಿ.

ಕರ್ನಾಟಕವು ತಾನಾಗಿ ಮಾಡಿಕೊಂಡ ಏರ್ಪಾಡು ಇವೆಲ್ಲಕ್ಕಿಂತ ಸ್ವಾರಸ್ಯವಾದುದು. ಹೆಚ್ಚು ಬಡ್ಡಿಯ ಆಸೆ ತೋರಿಸಿ ಠೇವಣಿ ಸಂಗ್ರಹಿಸಿ ಕೈಯೆತ್ತುವ ಸಂಸ್ಥೆಗಳ ಹಾವಳಿಯನ್ನು ತಡೆಯಲು ೨೦೦೪ರಲ್ಲಿ ಠೇವಣಿದಾರರ ಹಿತಸಂರಕ್ಷಣಾ ಅಧಿನಿಯಮವೊಂದನ್ನು ರಾಜ್ಯವು ಮಾಡಿತು. ಅದರ ಮೇರೆಗೆ ಸರ್ಕಾರವು ನೇಮಿಸಿದ ಸಕ್ಷಮ ಪ್ರಾಧಿಕಾರಿಯು ಸಂಸ್ಥೆಯ ಆಸ್ತಿಗಳನ್ನು ಜಪ್ತಿ ಮಾಡಿ ವಿಶೇಷ ನ್ಯಾಯಾಲಯದ ಮುಂದೆ ಇಡುತ್ತಾನೆ. ಆ ನ್ಯಾಯಾಲಯವು ಅಪರಾಧದ ವಿಚಾರಣೆಯನ್ನೂ ನಡೆಸುತ್ತದೆ, ಜಪ್ತಿಯಾದ ಆಸ್ತಿಯಿಂದ ಠೇವಣಿದಾರರಿಗೆ ಹಂಚಿಕೆಯನ್ನೂ ಮಾಡಿಸುತ್ತದೆ. ೨೦೧೯ರಲ್ಲಿ ಬೆಂಗಳೂರಿನ ಐ.ಎಂ.ಎ. ಸಂಸ್ಥೆಯು ಕುಸಿದಾಗ ಸಹಸ್ರಾರು ಮನೆಗಳವರು ಹಕ್ಕುಕೋರಿಕೆ ಸಲ್ಲಿಸಿದ್ದು ಈ ಮಾರ್ಗದಲ್ಲಿಯೇ. ಸಮುತ್ಥಾನವ್ಯಯವೂ ದಂಡವೂ ಒಂದೇ ಪೀಠದಿಂದ ಬರುವ ಮಿತಾಕ್ಷರಾದ ವಿಧಾನಕ್ಕೆ ಇಂದಿನ ಕಾನೂನಿನಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯುವುದು ಕಷ್ಟ. ಆದರೂ ಅಲ್ಲಿ ಠೇವಣಿದಾರನು ಕೋರಿಕೆದಾರನೇ ಹೊರತು ಅಭಿಯೋಗದ ಪಕ್ಷಗಾರನಲ್ಲ.

ಮುಖ್ಯ ಮಾರ್ಗದಲ್ಲಿ ಬದಲಾವಣೆ ನಿಧಾನವಾಗಿ ಬಂದಿತು. ೧೯೭೩ರ ಸಂಹಿತೆಯ ೩೫೭ನೆಯ ಕಲಮು, ಜುಲ್ಮಾನೆ ವಿಧಿಸದಿದ್ದಾಗಲೂ ಅಪರಾಧಿಯಿಂದ ಪರಿಹಾರ ಕೊಡಿಸಬಹುದೆಂದು ಹೊಸದಾಗಿ ಸೇರಿಸಿತು. ನ್ಯಾಯಾಧೀಶರು ಇದನ್ನು ಹೆಚ್ಚಾಗಿ ಬಳಸಲಿಲ್ಲ. ಧಾರಾಳವಾಗಿ ಬಳಸಿರೆಂದು ೧೯೮೮ರಲ್ಲಿ ಹರಿಸಿಂಗ್ ಪ್ರಕರಣದಲ್ಲಿಯೂ, ಬಳಸುವ ವಿಚಾರವನ್ನು ಮಾಡಲೇಬೇಕೆಂದು ೨೦೧೩ರಲ್ಲಿ ಅಂಕುಶ್ ಶಿವಾಜಿ ಗಾಯಕ್ವಾಡ್ ಪ್ರಕರಣದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಹೇಳಬೇಕಾಯಿತು. ಇಪ್ಪತ್ತೈದು ವರುಷಗಳ ಅಂತರದಲ್ಲಿ ಒಂದೇ ಮಾತನ್ನು ಎರಡು ಸಲ ಹೇಳಬೇಕಾದಲ್ಲಿ, ಮೊದಲ ಸಲ ಅದು ಯಾರ ಕಿವಿಗೂ ಬಿದ್ದಿರಲಿಲ್ಲವೆಂದೇ ಅರ್ಥ.

ಕರ್ನಾಟಕ ಮತ್ತು ಕೇರಳ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳಿಮಠರ ಅಧ್ಯಕ್ಷತೆಯಲ್ಲಿ ೨೦೦೦ದಲ್ಲಿ ಏರ್ಪಟ್ಟ ಸಮಿತಿಯು ೨೦೦೩ರಲ್ಲಿ ಕೊಟ್ಟ ವರದಿಯು ಈ ವಿಷಯದ ಚರಿತ್ರೆಯಲ್ಲಿ ದೊಡ್ಡ ಮೈಲಿಗಲ್ಲು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿದ ಮಾಧವ ಮೆನನ್ನರೂ ಅದರ ಸದಸ್ಯರಾಗಿದ್ದರು. ಭೂಖಂಡದ ಪದ್ಧತಿಗಳನ್ನು ಪರಿಶೀಲಿಸಿದ ಈ ಸಮಿತಿಯು, ಏಳು ವರುಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯುಳ್ಳ ಅಪರಾಧಗಳಲ್ಲಿ ನೊಂದವನನ್ನು ವಿಚಾರಣೆಯ ಪಕ್ಷಗಾರನನ್ನಾಗಿ ಸೇರಿಸಿಕೊಳ್ಳಬೇಕು, ಅವನಿಗೆ ವಕೀಲನಿರಬೇಕು, ಸಾಕ್ಷ್ಯ ಹಾಜರುಪಡಿಸಲು ಅವಕಾಶವಿರಬೇಕು, ಜಾಮೀನಿನ ವಿಷಯದಲ್ಲಿ ಅವನ ಮಾತು ಕೇಳಬೇಕು, ಮೇಲ್ಮನವಿಯ ಹಕ್ಕಿರಬೇಕು, ಪರಿಹಾರವು ರಾಜ್ಯದ ಹೊಣೆಯಾಗಬೇಕೆಂದು ಸೂಚಿಸಿತು. ಈ ವರದಿಯ ಇತರ ಸಲಹೆಗಳು, ಮುಖ್ಯವಾಗಿ ರುಜುವಾತಿನ ಅಳತೆಯನ್ನು ತಗ್ಗಿಸುವ ಸಲಹೆಯು, ತೀವ್ರವಾದ ಟೀಕೆಗೆ ಗುರಿಯಾದುವು. ಆ ಗದ್ದಲದಲ್ಲಿ ನೊಂದವರ ಅಧ್ಯಾಯಕ್ಕೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ.

೨೦೦೯ನೆಯ ಇಸವಿ ಡಿಸೆಂಬರ್ ೩೧ರಿಂದ ಜಾರಿಗೆ ಬಂದ ತಿದ್ದುಪಡಿಯು ಇದರಲ್ಲಿ ಕೆಲವನ್ನು ಎತ್ತಿಕೊಂಡಿತು. ನೊಂದವನೆಂದರೆ ಯಾರೆಂಬುದಕ್ಕೆ ಲಕ್ಷಣ ಹೇಳಿತು. ರಾಜ್ಯಗಳು ಪರಿಹಾರ ಯೋಜನೆಗಳನ್ನು ಮಾಡಬೇಕೆಂದಿತು, ಅದರಂತೆ ಕರ್ನಾಟಕದ ಯೋಜನೆಯು ೨೦೧೧ರಲ್ಲಿ ಬಂದಿತು. ಅಭಿಯೋಜಕನಿಗೆ ನೆರವಾಗಲು ವಕೀಲನನ್ನು ಇಟ್ಟುಕೊಳ್ಳಲು ಅನುಮತಿ ಕೊಡಬಹುದೆಂದಿತು. ಮತ್ತು ೩೭೨ನೆಯ ಕಲಮಿಗೆ ಒಂದು ಉಪಬಂಧವನ್ನು ಸೇರಿಸಿತು. ಆಪಾದಿತನು ಬಿಡುಗಡೆಯಾದಾಗ, ಕಡಿಮೆ ಅಪರಾಧಕ್ಕೆ ಮಾತ್ರ ತಪ್ಪಿತಸ್ಥನೆನಿಸಿದಾಗ, ಅಥವಾ ಪರಿಹಾರವು ಸಾಲದಾದಾಗ ನೊಂದವನು ಮೇಲ್ಮನವಿ ಸಲ್ಲಿಸಬಹುದು. ಇಲ್ಲಿ ಒಂದು ವಿಚಿತ್ರವಿದೆ. ವಿಚಾರಣೆಯಲ್ಲಿ ಪರಿಹಾರವನ್ನು ಪಕ್ಷಗಾರನಾಗಿ ಕೇಳುವ ಹಕ್ಕು ಅವನಿಗಿಲ್ಲ. ಪರಿಹಾರ ಸಾಲದೆಂದು ಮೇಲಿನ ನ್ಯಾಯಾಲಯದಲ್ಲಿ ದೂರುವ ಹಕ್ಕುಂಟು. ಮುಂಬಾಗಿಲಲ್ಲಿ ತಡೆದವನನ್ನು ಮಹಡಿಯ ಮೆಟ್ಟಿಲಿನಿಂದ ಒಳಗೆ ಕರೆದಂತಾಯಿತು.

ಆ ಮೆಟ್ಟಿಲೂ ಸುಗಮವಾಗಿರಲಿಲ್ಲವೆಂಬುದಕ್ಕೆ ಬಾಗಲಕೋಟೆ ಜಿಲ್ಲೆಯ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣವೇ ಸಾಕ್ಷಿ. ೨೦೦೯ನೆಯ ಇಸವಿ ಫೆಬ್ರವರಿ ೬ರ ರಾತ್ರಿ ಅವರ ಮೇಲೆ ಹಲವರು ಹಲ್ಲೆ ಮಾಡಿದರೆಂದು ಕಲಾದಗಿಯ ಠಾಣೆಯಲ್ಲಿ ದೂರು ದಾಖಲಾಯಿತು. ಬಾಗಲಕೋಟೆಯ ಸೆಷನ್ಸ್ ನ್ಯಾಯಾಲಯವು ೨೦೧೩ನೆಯ ಇಸವಿ ಅಕ್ಟೋಬರ್ ೨೮ರಂದು ಆಪಾದಿತರನ್ನು ಬಿಡುಗಡೆ ಮಾಡಿತು. ಕೊಡಗಲಿಯವರು ಉಚ್ಚ ನ್ಯಾಯಾಲಯಕ್ಕೆ ಹೋದರು. ಘಟನೆಯು ತಿದ್ದುಪಡಿ ಜಾರಿಗೆ ಬರುವ ಮೊದಲೇ ನಡೆದುದರಿಂದ ಹೊಸ ಹಕ್ಕು ಸಲ್ಲದೆಂದು ಆ ಮನವಿಯು ತಿರಸ್ಕೃತವಾಯಿತು. ಬೇರೊಂದು ಕಲಮಿನ ಮೇರೆಗೆ ಮತ್ತೆ ಹೋದರು. ಅದು ಖಾಸಗಿ ಫಿರ್ಯಾದಿನಿಂದ ಹುಟ್ಟಿದ ಪ್ರಕರಣಗಳಿಗೆ ಮಾತ್ರ, ಪೋಲೀಸು ಪ್ರಕರಣಗಳಿಗಲ್ಲವೆಂದು ಅದೂ ನಿಲ್ಲಲಿಲ್ಲ. ಪೋಲೀಸರ ಬಳಿಗೆ ಹೋದುದರಿಂದ ಒಂದು ದಾರಿಯೂ, ಬೇಗ ಪೆಟ್ಟು ತಿಂದುದರಿಂದ ಇನ್ನೊಂದು ದಾರಿಯೂ ಮುಚ್ಚಿದಂತಾಯಿತು.

ಸರ್ವೋಚ್ಚ ನ್ಯಾಯಾಲಯವು ೨೦೧೮ನೆಯ ಇಸವಿ ಅಕ್ಟೋಬರ್ ೧೨ರಂದು ಇದನ್ನು ತೀರ್ಮಾನಿಸಿತು. ಲೆಕ್ಕಕ್ಕೆ ಬರುವುದು ಘಟನೆಯ ದಿನವಲ್ಲ, ಬಿಡುಗಡೆಯ ಆದೇಶದ ದಿನ. ನೊಂದವನು ಮೇಲ್ಮನವಿ ಸಲ್ಲಿಸಲು ಉಚ್ಚ ನ್ಯಾಯಾಲಯದ ಅನುಮತಿಯನ್ನು ಬೇಡಬೇಕಾದುದೂ ಇಲ್ಲ ಎಂದು ನ್ಯಾಯಮೂರ್ತಿ ಮದನ್ ಲೋಕೂರರೂ ಕರ್ನಾಟಕದವರಾದ ನ್ಯಾಯಮೂರ್ತಿ ಅಬ್ದುಲ್ ನಜೀರರೂ ಅಭಿಪ್ರಾಯಪಟ್ಟರು. ನ್ಯಾಯಮೂರ್ತಿ ದೀಪಕ್ ಗುಪ್ತರು ಅನುಮತಿಯ ವಿಷಯದಲ್ಲಿ ಭಿನ್ನಮತವನ್ನು ಬರೆದರು. ರಾಜ್ಯಕ್ಕೇ ಅನುಮತಿ ಬೇಕಾಗಿರುವಾಗ ಖಾಸಗಿಯವನಿಗೆ ಬೇಡವೆಂದರೆ, ಒಮ್ಮೆ ಬಿಡುಗಡೆ ಹೊಂದಿದವನ ನೆಮ್ಮದಿಗೆ ರಕ್ಷಣೆ ಎಲ್ಲಿದೆಯೆಂಬುದು ಆ ಭಿನ್ನಮತದ ಹಿಂದಿರುವ ಪ್ರಶ್ನೆ. ಮೇಲೆ ಗಟ್ಟಿಯಾದುದೆಂದು ಹೇಳಿದ ಕಾರಣವು ಇಲ್ಲಿ ಮತ್ತೆ ತಲೆಯೆತ್ತಿರುವುದನ್ನು ಓದುವವರು ಗಮನಿಸಬಹುದು. ತೀರ್ಪಿನ ಫಲವಾಗಿ ಮನವಿಯು ಹೊಸ ವಿಚಾರಣೆಗಾಗಿ ಉಚ್ಚ ನ್ಯಾಯಾಲಯಕ್ಕೆ ಮರಳಿತು. ಅಷ್ಟರಲ್ಲಿ ಕೊಡಗಲಿಯವರು ತೀರಿಕೊಂಡಿದ್ದರು. ಪ್ರಕರಣದ ಶಿರೋನಾಮೆಯಲ್ಲಿ ಅವರ ಹೆಸರಿನ ಜೊತೆಗೆ ವಾರಸುದಾರರ ಮೂಲಕವೆಂಬ ಮಾತು ಸೇರಿತ್ತು.

ವಿಚಾರಣೆಯ ಮಟ್ಟದಲ್ಲಿ ಹೊಸ್ತಿಲು ಇದ್ದಲ್ಲಿಯೇ ಇದೆ. ನೊಂದವನ ವಕೀಲನು ಅಭಿಯೋಜಕನಿಗೆ ಸಲಹೆ ಕೊಡಬಹುದು, ಲಿಖಿತವಾಗಿ ವಾದ ಸಲ್ಲಿಸಬಹುದು. ಸ್ವತಂತ್ರವಾಗಿ ಸಾಕ್ಷಿಗಳನ್ನು ಪ್ರಶ್ನಿಸುವಂತಿಲ್ಲ, ಎದ್ದು ವಾದಿಸುವಂತಿಲ್ಲವೆಂದು ೨೦೧೯ರಲ್ಲಿ ರೇಖಾ ಮುರಾರ್ಕಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ೨೦೨೨ರಲ್ಲಿ ಜಗಜೀತ್ ಸಿಂಗ್ ಪ್ರಕರಣದಲ್ಲಿ ಜಾಮೀನು ಮೊದಲಾದ ಹಂತಗಳಲ್ಲಿ ನೊಂದವರ ಮಾತನ್ನು ಕೇಳಲೇಬೇಕೆಂದಿತು. ೨೦೨೪ನೆಯ ಇಸವಿ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಹಳೆಯ ೩೫೭ನೆಯ ಕಲಮನ್ನು ೩೯೫ ಎಂದೂ, ೩೭೨ನ್ನು ೪೧೩ ಎಂದೂ ಉಳಿಸಿಕೊಂಡಿದೆ. ತನಿಖೆಯು ಎಲ್ಲಿಗೆ ಬಂದಿದೆಯೆಂಬುದನ್ನು ತೊಂಬತ್ತು ದಿನಗಳೊಳಗೆ ನೊಂದವನಿಗೆ ತಿಳಿಸಬೇಕೆಂದೂ, ಅವನ ಮಾತು ಕೇಳದೆ ಅಭಿಯೋಗವನ್ನು ಹಿಂತೆಗೆದುಕೊಳ್ಳಲು ನ್ಯಾಯಾಲಯವು ಒಪ್ಪಬಾರದೆಂದೂ ಸೇರಿಸಿದೆ.

ಅದೇ ಸಂಹಿತೆಯ ೧೦೭ನೆಯ ಕಲಮು ಇನ್ನಷ್ಟು ದೂರ ಹೋಗಿದೆ. ಅಪರಾಧದಿಂದ ಗಳಿಸಿದ್ದೆಂದು ಕಂಡುಬಂದ ಆಸ್ತಿಯನ್ನು ನ್ಯಾಯಾಲಯವು ಜಪ್ತಿ ಮಾಡಿಸಿ, ಜಿಲ್ಲಾ ದಂಡಾಧಿಕಾರಿಯ ಮೂಲಕ ನಷ್ಟಹೊಂದಿದವರಿಗೆ ಹಂಚಿಸಬಹುದು. ಹಂಚಿಕೆಗೆ ಅರುವತ್ತು ದಿನಗಳ ಅವಧಿ. ಕದ್ದದ್ದನ್ನು ಮೊದಲು ಕೊಡಿಸಿ ಬಳಿಕ ಶಿಕ್ಷಿಸತಕ್ಕದ್ದೆಂಬ ಯಾಜ್ಞವಲ್ಕ್ಯನ ಕ್ರಮವು ಈ ಕಲಮಿನಲ್ಲಿ ಬೇರೆ ವೇಷದಿಂದ ಮರಳಿದಂತೆ ಕಾಣುತ್ತದೆ. ಆದರೆ ಶಿಕ್ಷೆಯ ತೀರ್ಪಿಗೆ ಮೊದಲೇ ಹಂಚಿಹೋದ ಆಸ್ತಿಯು, ಆಪಾದಿತನು ಕಡೆಗೆ ನಿರ್ದೋಷಿಯೆಂದು ತೀರ್ಮಾನವಾದಲ್ಲಿ, ಯಾರ ಕೈಯಿಂದ ಯಾರಿಗೆ ಹಿಂದಿರುಗಬೇಕೆಂಬುದನ್ನು ಆ ಕಲಮು ಹೇಳಿಲ್ಲ.